ಬೀಗಿತ್ತಿಯ ಹಿಂದಿನ ಚಕ್ರ

ಊರಲ್ಲಿ ಅವಳನ್ನು ಎಲ್ಲರೂ ಪರದೆಯಮ್ಮ ಅಂತಲೇ ಕರೆಯುತ್ತಿದ್ದರು. ಕಿಟಕಿಗೆ, ಬಾಗಿಲಿಗೆ ಪರದೆ ಹೊಲಿದು ಕೊಡುವುದು ಅವಳ ಕಸುಬು. ಆದರೆ ಹೊಲಿಗೆಗಿಂತ ಅವಳಿಗೆ ಇಷ್ಟವಾದದ್ದು ಅಳತೆ ತೆಗೆಯುವ ಕೆಲಸ. ಕೈಯಲ್ಲೊಂದು ಟೇಪು ಇದ್ದರೆ ಸಾಕು, ಕಂಡವರ ಮನೆಯ ಮಲಗುವ ಕೋಣೆಯವರೆಗೂ ರಾಜಾರೋಷವಾಗಿ ಹೋಗಬಹುದು. ಯಾಕೆ ಅಂತ ಯಾರೂ ಕೇಳುವುದಿಲ್ಲ. ಸ್ಟೂಲು ಹತ್ತಿ ಕಿಟಕಿಯ ಉದ್ದಗಲ ಬರೆದುಕೊಳ್ಳುವಷ್ಟರಲ್ಲಿ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರು ಯಾವ ಕುರ್ಚಿಯಲ್ಲಿ ಕೂತು ಮುನಿಸಿಕೊಳ್ಳುತ್ತಾರೆ ಎನ್ನುವುದೆಲ್ಲ ಅವಳಿಗೆ ಅಂದಾಜಾಗಿಬಿಡುತ್ತಿತ್ತು. ‘ನಿನಗೆ ಪರದೆ ಬರೀ ನೆಪ ಕಣೇ, ಇಣುಕೋದೇ ಕೆಲಸ’ ಅಂತ ಗಂಡ ಛೇಡಿಸುತ್ತಿದ್ದ. ಅವಳು ಅಲ್ಲ ಅನ್ನುತ್ತಿರಲಿಲ್ಲ.

ಇಂಥವಳ ಅಂದಾಜಿಗೂ ಸಿಗದ ಮನೆಯೊಂದಿತ್ತು. ಅದು ಮಗಳನ್ನು ಕೊಟ್ಟ ಮನೆ.

ಮಗಳ ಅತ್ತೆ, ಅಂದರೆ ಇವಳ ಬೀಗಿತ್ತಿ, ದೊಡ್ಡ ಆಸ್ಪತ್ರೆಯೊಂದರ ಔಷಧಿ ವಿಭಾಗ ನೋಡಿಕೊಳ್ಳುತ್ತಿದ್ದರು. ಗಾಜಿನ ಕಿಂಡಿಯ ಹಿಂದೆ ಕೂತು ‘ಬೆಳಗ್ಗೆ ಒಂದು, ರಾತ್ರಿ ಒಂದು, ಊಟ ಆದಮೇಲೆ’ ಅಂತ ಹೇಳಿ ಹೇಳಿ ಅವರ ಮಾತೂ ಅಷ್ಟಕ್ಕೇ ಬಂದು ನಿಂತಿತ್ತು. ಮನೆಗೆ ಹೋದರೆ ‘ಬನ್ನಿ’, ಹೊರಟರೆ ‘ಬರ್ತಾ ಇರಿ’. ನಡುವಿನದ್ದನ್ನೆಲ್ಲ ಪರದೆಯಮ್ಮನೇ ತುಂಬಬೇಕು. ಆ ಮನೆಯ ಕಿಟಕಿಗಳಿಗೆ ಪರದೆ ಕೂಡ ಇರಲಿಲ್ಲ. ಬಿಳಿ ಪಟ್ಟಿಗಳ ಬ್ಲೈಂಡು, ದಾರ ಎಳೆದರೆ ಮೇಲೆ, ಬಿಟ್ಟರೆ ಕೆಳಗೆ. ಅದನ್ನು ನೋಡಿ ಯಾರ ಬಗ್ಗೆ ತಾನೇ ಏನು ತಿಳಿಯುತ್ತದೆ!

‘ಬೀಗಿತ್ತಿ ಅನ್ನೋ ಹೆಸರಲ್ಲೇ ಬೀಗ ಇದೆ, ಬಿಡು’ ಅಂದಿದ್ದ ಗಂಡ.

ಅವನಿಗೇನೋ ಅದು ತಮಾಷೆ. ಅವಳ ಮನಸ್ಸಿನಲ್ಲಿ ಮಾತ್ರ ಸಣ್ಣದೊಂದು ಮುಳ್ಳು ಉಳಿದುಬಿಟ್ಟಿತ್ತು. ಮದುವೆಯ ಮಾತಿಗೆಂದು ಗಂಡ ಹೆಂಡತಿ ಇಬ್ಬರೂ ಮೊದಲ ಸಲ ಆ ಮನೆಗೆ ಹೋದ ದಿನ ಬೀಗಿತ್ತಿ ಇವರನ್ನು ನೋಡಿದವರೇ ತುಟಿ ಬಿಗಿದು ನೆಲ ನೋಡುತ್ತ ಕೂತುಬಿಟ್ಟಿದ್ದರು. ಅವಳ ಗಂಡ ‘ನಾನು ಬಸ್ ಡ್ರೈವರು, ಹೊಳೆಯಾಚೆಯ ರೂಟು’ ಅಂತ ಪರಿಚಯ ಹೇಳಿಕೊಳ್ಳುತ್ತಿದ್ದಾಗಲೇ ದಡಕ್ಕನೆ ಎದ್ದು ಅಡುಗೆಮನೆಗೆ ಹೋದವರು ತುಂಬ ಹೊತ್ತು ಬರಲೇ ಇಲ್ಲ. ಕಾಫಿ ತಂದುಕೊಟ್ಟದ್ದು ಮಗ. ಆಮೇಲೆ ಮದುವೆ ಚೆನ್ನಾಗಿಯೇ ಆಯಿತು, ಮಗಳು ಸುಖವಾಗಿಯೇ ಇದ್ದಳು. ಆದರೂ ‘ಡ್ರೈವರ್ ಅಂದದ್ದೇ ಎದ್ದು ಹೋದರಲ್ಲ’ ಅನ್ನುವುದು ಪರದೆಯಮ್ಮನ ತಲೆಯಿಂದ ಹೋಗಿರಲಿಲ್ಲ.

ಹೀಗಿರುವಾಗ ಒಂದು ದಿನ ಮಗಳು ಫೋನಿನಲ್ಲಿ ಅದೂ ಇದೂ ಮಾತಾಡುತ್ತ, ‘ಅಮ್ಮಾ, ನಮ್ಮತ್ತೆ ಸಿಳ್ಳೆ ಹಾಕ್ತಾರೆ ಗೊತ್ತಾ?’ ಅಂದಳು.

‘ಯಾರು? ನಿಮ್ಮತ್ತೆ? ಸಿಳ್ಳೆ?’

‘ಭಾನುವಾರ ಬೆಳಗ್ಗೆ ಸೈಕಲ್ ಕ್ಲಬ್ಬಿನವರ ಜೊತೆ ಹೋಗ್ತಾರಲ್ಲ, ವಾಪಸ್ ಬರುವಾಗ ಗೇಟಿನಿಂದಲೇ ಸಿಳ್ಳೆ ಹಾಕ್ತಾ ಬರ್ತಾರೆ. ಒಳಗೆ ಕಾಲಿಟ್ಟ ತಕ್ಷಣ ನಿಂತುಹೋಗುತ್ತೆ.’

‘ಸೈಕಲ್ ಕ್ಲಬ್ಬಾ? ಹೇಳೇ ಇಲ್ಲವಲ್ಲೇ!’

‘ನೀನು ಕೇಳಲಿಲ್ಲ’ ಅಂದಳು ಮಗಳು. ಪರದೆಯಮ್ಮನಿಗೆ ಜೀವಮಾನದಲ್ಲಿ ಯಾರೂ ಹೊರಿಸದ ಆರೋಪ ಅದು.

ಅವತ್ತು ಹೊಲಿಗೆ ಮಿಷನ್ನಿನ ಮುಂದೆ ಕೂತರೂ ಅವಳ ಗಮನ ಸೂಜಿಯ ಮೇಲಿರಲಿಲ್ಲ. ಅಷ್ಟೊಂದು ಜನರ ನಡುವೆ ಬೀಗಿತ್ತಿ ಏನು ಮಾಡುತ್ತಾರೆ? ಮಾತಾಡುತ್ತಾರಾ? ಯಾರ ಜೊತೆ, ಏನಂತ? ಸೈಕಲ್ ತುಳಿಯುತ್ತ ತುಳಿಯುತ್ತ ಮಾತಾಡುವುದಾದರೂ ಹೇಗೆ? ಸಂಜೆಯ ಹೊತ್ತಿಗೆ ತಡೆಯಲಾರದೆ ಫೋನೇ ಮಾಡಿಬಿಟ್ಟಳು.

‘ಬೀಗರೇ, ನಿಮ್ಮ ಸೈಕಲ್ ಕ್ಲಬ್ಬಿಗೆ ನಾನೂ ಒಂದು ಸಲ ಬರಬಹುದಾ?’

ಆ ಕಡೆಯಿಂದ ಸದ್ದೇ ಇಲ್ಲ. ಲೈನು ಹೋಯಿತೇನೋ ಅಂದುಕೊಂಡಳು.

‘ಬನ್ನಿ’ ಅಂದರು ಬೀಗಿತ್ತಿ ಕೊನೆಗೆ. ‘ಭಾನುವಾರ, ಆರು ಗಂಟೆ, ಲೈಬ್ರರಿ ಮುಂದೆ. ನೀರು ತನ್ನಿ. ಹೆಲ್ಮೆಟ್ ಬೇಕು.’ ಇನ್ನೊಂದು ಚೂರು ತಡೆದು, ‘ಹೊಳೆ ಕಡೆಗೆ ಹೋಗ್ತೀವಿ’ ಅಂದರು. ಯಾವತ್ತೂ ಕೇಳದ್ದನ್ನು ತಾವಾಗಿಯೇ ಹೇಳಿದವರಲ್ಲ. ಪರದೆಯಮ್ಮ ಅದನ್ನು ಗಮನಿಸಿದಳು, ಅರ್ಥವಾಗಲಿಲ್ಲ.

ಸೈಕಲ್ಲು ಅವಳಿಗೆ ಹೊಸದೇನಲ್ಲ. ಅಳತೆ ತೆಗೆಯಲು ಊರೆಲ್ಲ ಸುತ್ತುವುದು ಅದರಲ್ಲೇ. ಮುಂದೊಂದು ಬುಟ್ಟಿ, ಹಿಂದೊಂದು ಕ್ಯಾರಿಯರು, ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಹಾಕಿಕೊಳ್ಳಲು ಏನೂ ಇರಲಿಲ್ಲವೆಂದು ಉಳಿದ ಪರದೆ ಬಟ್ಟೆಯಲ್ಲೇ ಒಂದು ಸಡಿಲ ಪ್ಯಾಂಟು ಹೊಲಿದುಕೊಂಡಳು. ಹಸಿರು ಎಲೆಗಳ ಚಿತ್ತಾರದ ದಪ್ಪ ಬಟ್ಟೆ. ಅವರ ಮನೆಯ ಹಜಾರದ ಕಿಟಕಿಯಲ್ಲೂ ಅದೇ ತೂಗುತ್ತಿತ್ತು.

ಗಂಡ ನೋಡಿ ನಕ್ಕ. ‘ನಮ್ಮ ಹಜಾರ ಸೈಕಲ್ ಹತ್ತಿ ಹೊರಟ ಹಾಗಿದೆ. ನಿನಗೆ ಆ ಬಣ್ಣದ ಬಟ್ಟೆಯವರ ಸಹವಾಸ ಯಾಕೆ ಬೇಕಿತ್ತು? ರಸ್ತೆ ತುಂಬ ಹರಡಿಕೊಂಡು ಹೋಗ್ತಾರೆ, ಹಾರ್ನ್ ಹೊಡೆದು ಹೊಡೆದು ನನ್ನ ಹೆಬ್ಬೆರಳು ಸವೆದಿದೆ.’

‘ಭಾನುವಾರ ನಿಮಗೆ ಡ್ಯೂಟಿ ಇದೆಯಾ?’

‘ಇದೆ. ಆದ್ರೂ ನೀನು ಸಿಗಲ್ಲ. ಪೆಟ್ರೋಲ್ ಬಂಕಿನವರೆಗೆ ಹೋಗಿ ವಾಪಸ್ ಬರ್ತೀಯ, ನನಗೆ ಗೊತ್ತು.’

ಭಾನುವಾರ ಲೈಬ್ರರಿಯ ಮೆಟ್ಟಿಲ ಮುಂದೆ ಹತ್ತು ಹದಿನೈದು ಜನ ಸೇರಿದ್ದರು. ಎಲ್ಲರ ಸೈಕಲ್ಲುಗಳೂ ಒಂದೇ ಬೆರಳಿನಲ್ಲಿ ಎತ್ತುವಂತಿದ್ದವು. ತನ್ನ ಬುಟ್ಟಿಯ ಸೈಕಲ್ಲನ್ನು ಕಂಬವೊಂದರ ಹಿಂದೆ ನಿಲ್ಲಿಸಲು ನೋಡಿದಳು ಪರದೆಯಮ್ಮ. ಅಷ್ಟರಲ್ಲಿ ಗಟ್ಟಿಮುಟ್ಟಾದ ಆಸಾಮಿಯೊಬ್ಬ ಬಂದು, ‘ಹೊಸಬರಾ? ಬನ್ನಿ ಬನ್ನಿ. ಬುಟ್ಟಿ ಒಳ್ಳೇದಾಯ್ತು, ನಮ್ಮ ಬಾಳೆಹಣ್ಣು ಇಡೋಕೆ ಜಾಗ ಇರಲಿಲ್ಲ’ ಅಂತ ಒಂದು ಚಿಪ್ಪು ಬಾಳೆಹಣ್ಣು ತಂದು ಅದರಲ್ಲಿ ಇಟ್ಟೇಬಿಟ್ಟ. ಅವನೇ ಗುಂಪಿನ ಮುಂದಾಳು, ವಾರದ ಉಳಿದ ದಿನ ಪ್ಲಂಬರು.

‘ಎಲ್ಲಿ ನಮ್ಮ ಬಾಲಂಗೋಚಿ?’ ಅಂತ ಅವನು ಕೂಗಿದ.

‘ಬಂದೆ ಬಂದೆ’ ಅನ್ನುತ್ತ ಬಂದವರನ್ನು ಕಂಡು ಪರದೆಯಮ್ಮನ ಬಾಯಿ ತೆರೆದುಕೊಂಡಿತು. ಬೀಗಿತ್ತಿ! ಕೆಂಪು ಅಂಗಿ, ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ, ತಲೆಗೆ ಬಿಳಿ ಹೆಲ್ಮೆಟ್ಟು. ಆಸ್ಪತ್ರೆಯ ಕಿಂಡಿಯಲ್ಲಿ ಹೆಸರು ಕೂಗಿದರೆ ಜನ ನೆಟ್ಟಗೆ ನಿಲ್ಲುವಂಥ ಹೆಂಗಸನ್ನು ಇಲ್ಲಿ ಗಾಳಿಪಟದ ಬಾಲ ಅಂತ ಕರೆಯುತ್ತಿದ್ದಾರೆ, ಇವರು ಓಗೊಡುತ್ತಿದ್ದಾರೆ!

‘ಯಾವಾಗಲೂ ಕೊನೇಲಿ ಇರ್ತಾರೆ ನೋಡಿ, ಅದಕ್ಕೇ ಆ ಹೆಸರು’ ಅಂದ ಪ್ಲಂಬರ್. ‘ಹೊಸಬರು, ಸುಸ್ತಾದವರು, ಪಂಕ್ಚರ್ ಆದವರು ಎಲ್ಲ ಇವರ ಪಾಲು. ಇವತ್ತು ನೀವು.’

‘ಗೊತ್ತು. ನಮ್ಮ ಬೀಗರು’ ಅಂದರು ಬೀಗಿತ್ತಿ.

ಹೊರಡುವ ಮುಂಚೆ ಪ್ಲಂಬರ್ ನಿಯಮ ಹೇಳಿದ. ಮುಂದಿನವರು ಗುಂಡಿ ಕಂಡರೆ ಕೈ ಕೆಳಗೆ ಮಾಡಿ ತೋರಿಸುತ್ತಾರೆ, ಬಾಯಲ್ಲೂ ಕೂಗುತ್ತಾರೆ. ಹಿಂದಿನವರು ಅದನ್ನು ತಮ್ಮ ಹಿಂದಿನವರಿಗೆ ದಾಟಿಸಬೇಕು. ಹಿಂದಿನಿಂದ ಗಾಡಿ ಬಂದರೆ ಸುದ್ದಿ ಬಾಲದಿಂದ ತಲೆಗೆ ಹೋಗಬೇಕು. ‘ಇನ್ನೊಂದು ವಿಷಯ’ ಅಂದ ಅವನು. ‘ಸೇತುವೆ ಹತ್ರ ಕಹಳೆ ಸಿಕ್ತಾನೆ. ಹುಷಾರು.’

‘ಕಹಳೆ ಅಂದ್ರೆ?’ ಪರದೆಯಮ್ಮ ಕೇಳಿದಳು.

‘ಹೊಳೆ ಕಡೆಯ ಬಸ್ಸಿನ ಡ್ರೈವರು. ನಮ್ಮನ್ನು ಕಂಡ್ರೆ ಸಾಕು, ಹಾರ್ನಿನ ಮೇಲೆ ಕೈ ಇಟ್ಟೋನು ತೆಗೆಯೋದೇ ಇಲ್ಲ. ಒಂದು ಸಲ ನಮ್ಮ ಹಲ್ಲಿನ ಡಾಕ್ಟ್ರು ಬೆಚ್ಚಿಬಿದ್ದು ಚರಂಡಿಗೆ ಇಳಿದಿದ್ರು.’

ಪಕ್ಕದಲ್ಲಿದ್ದ ಸಣಕಲು ಗಂಡಸೊಬ್ಬರು ಹೌದೆಂದು ತಲೆಯಾಡಿಸಿದರು. ಹೊಳೆ ಕಡೆಗೆ ಎಷ್ಟು ಬಸ್ಸು ಇದ್ದಾವು? ಪರದೆಯಮ್ಮ ಬೀಗಿತ್ತಿಯ ಮುಖ ನೋಡಿದಳು. ಕಪ್ಪು ಕನ್ನಡಕದಲ್ಲಿ ತನ್ನದೇ ಮುಖ ಕಂಡಿತು.

ಸಾಲು ಹೊರಟಿತು. ಊರಿನ ಮುಚ್ಚಿದ ಅಂಗಡಿಗಳು ಹಿಂದಾದವು, ಪೆಟ್ರೋಲ್ ಬಂಕು ಹಿಂದಾಯಿತು. ಗಂಡನ ಮಾತು ನೆನಪಾಗಿ ಬೇಕೆಂದೇ ನಾಲ್ಕು ಸಲ ಜೋರಾಗಿ ತುಳಿದಳು. ‘ಗುಂಡೀ!’ ಅನ್ನುವ ಕೂಗು ಮುಂದೆಲ್ಲೋ ಹುಟ್ಟಿ, ಬಾಯಿಂದ ಬಾಯಿಗೆ ದಾಟಿ, ಗಂಡು ದನಿ ಹೆಣ್ಣು ದನಿ ಆಗುತ್ತ ಅವಳ ಹತ್ತಿರ ಬರುವುದು, ಆಮೇಲೆ ಗುಂಡಿಯೂ ಬರುವುದು. ಅವಳಿಗೆ ಅದು ಭಾರಿ ಮೋಜೆನಿಸಿತು. ಮೊದಲನೆಯ ಸಲ ತಾನು ಕೂಗುವಾಗ ನಾಚಿಕೆಯಾಗಿ ದನಿಯೇ ಹೊರಡಲಿಲ್ಲ. ಮೂರನೆಯ ಗುಂಡಿಗೆ ಅವಳ ಕೂಗು ಕೇಳಿ ಬೇಲಿಯ ಮೇಲಿನ ಕಾಗೆಗಳು ಎದ್ದವು.

ಊರು ದಾಟಿದ ಮೇಲೆ ಎದುರುಗಾಳಿ ಶುರುವಾಯಿತು. ಪರದೆ ಬಟ್ಟೆಯ ಪ್ಯಾಂಟು ಗಾಳಿ ತುಂಬಿಕೊಂಡು ಬುಸ್ಸೆಂದಿತು. ತುಳಿದಷ್ಟೂ ಸೈಕಲ್ಲು ಅಲ್ಲೇ ಇದ್ದಂತೆ. ಆಗ ಬೀಗಿತ್ತಿ ಹಿಂದಿನಿಂದ ಬಂದು ಅವಳ ಮುಂದಾದರು.

‘ನನ್ನ ಹಿಂದಿನ ಚಕ್ರ ನೋಡ್ತಾ ಬನ್ನಿ. ಇನ್ನೂ ಹತ್ರ. ಇನ್ನೂ.’

ಹತ್ತಿರ ಹೋದಳು. ಒಂದು ಜಾಗಕ್ಕೆ ಬಂದದ್ದೇ ಗಾಳಿ ನಿಂತುಹೋಯಿತು. ಬಾಗಿಲು ಹಾಕಿದ ಹಾಗೆ. ಕಾಲು ಹಗುರಾದವು. ಅರೆ, ಎಲ್ಲಿಗೆ ಹೋಯಿತು ಗಾಳಿ ಅಂತ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದಳು. ಮುಖಕ್ಕೆ ಅಪ್ಪಳಿಸಿತು. ಮತ್ತೆ ಒಳಗೆ ಬಂದಳು, ಇಲ್ಲ. ಹೊರಗೆ ಹೋದಳು, ಇದೆ. ಹೀಗೆ ಒಳಗೆ ಹೊರಗೆ ಆಡುತ್ತ, ‘ಬೀಗರೇ, ಇದೇನು ಮಾಯ!’ ಅಂತ ಕೂಗಿದಳು.

‘ಮಾಯ ಏನಿಲ್ಲ. ಗಾಳಿ ನನಗೆ ಹೊಡೀತಾ ಇದೆ, ನಿಮಗಿಲ್ಲ’ ಅಂದರು ಬೀಗಿತ್ತಿ ತಿರುಗದೆ. ‘ಮೊದಲ ದಿನ ನನಗೂ ಹೀಗೇ ಆಗಿತ್ತು. ಇದೇ ರಸ್ತೆ. ಆಗ ಮುಂದೆ ಇದ್ದದ್ದು ಮುದುಕರೊಬ್ಬರು, ಪೋಸ್ಟ್ ಆಫೀಸಿಂದ ನಿವೃತ್ತಿ ಆದವರು. ಅವರ ಬೆನ್ನು ನೋಡಿಕೊಂಡೇ ಹೊಳೆವರೆಗೂ ಹೋದೆ. ಅವರು ದಾರಿ ಉದ್ದಕ್ಕೂ ಮಾತಾಡಿದ್ರು, ನಾನೂ ಮಾತಾಡಿದೆ. ಮನೆಗೆ ಬಂದ ಮೇಲೆ ಯೋಚನೆ ಮಾಡಿದ್ರೆ, ಅವರ ಮುಖವೇ ನೋಡಿರಲಿಲ್ಲ.’

ಪರದೆಯಮ್ಮ ಉಸಿರು ಹಿಡಿದು ಕೇಳುತ್ತಿದ್ದಳು. ಮಗಳ ಮದುವೆಯಾದಾಗಿನಿಂದ ಇವತ್ತಿನವರೆಗೆ ಬೀಗಿತ್ತಿ ಆಡಿದ ಒಟ್ಟು ಮಾತು ಕೂಡಿಸಿದರೂ ಇಷ್ಟಾಗುತ್ತಿರಲಿಲ್ಲ. ಎಲ್ಲಿ ನಿಲ್ಲಿಸಿಬಿಡುತ್ತಾರೋ ಅಂತ ಮೆಲ್ಲಗೆ, ‘ಮುಖ ಕಾಣದಿದ್ರೆ ಮಾತು ಸಲೀಸಾ?’ ಅಂದಳು.

‘ಕಿಂಡಿಯಲ್ಲಿ ಕೂತೋರಿಗೆ ಹಾಗೇ. ಎದುರಿಗೆ ನಿಂತವರಿಗೆ ಒಂದು ಮಾತು ಜಾಸ್ತಿ ಹೇಳಿದ್ರೂ ಗೊಂದಲ. ಬೆಳಗಿನ ಮಾತ್ರೆ ರಾತ್ರಿ ನುಂಗ್ತಾರೆ. ಅದಕ್ಕೇ ಅಳೆದು ಅಳೆದು ಹೇಳೋದು. ಆಮೇಲೆ ಅದೇ ರೂಢಿ ಆಗಿಹೋಯ್ತು. ಮನೇಲಿ ಸೊಸೆ ಎದುರಿಗೆ ಬಂದ್ರೂ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕ್ತೀನಿ.’ ಹ್ಯಾಂಡಲ್ಲಿನ ಮೇಲೆ ಇನ್ನಷ್ಟು ಬಾಗಿ ತುಳಿದರು. ‘ಒಳ್ಳೆ ಹುಡುಗಿ. ಹೇಳಬೇಕು ಅಂದ್ಕೋತೀನಿ. ಗುಂಡೀ!’

‘ಗುಂಡೀ!’ ಅಂತ ಪರದೆಯಮ್ಮನೂ ಕೂಗಿದಳು. ಹಿಂದೆ ದಾಟಿಸಿಕೊಳ್ಳಲು ಯಾರೂ ಇರಲಿಲ್ಲ. ಕಣ್ಣು ಮಂಜಾದದ್ದು ಗಾಳಿಯಿಂದ ಅಂದುಕೊಳ್ಳೋಣವೆಂದರೆ ಗಾಳಿಯೂ ಇರಲಿಲ್ಲ.

ಮುಂದೆ ದಿಣ್ಣೆ ಬಂತು. ಗುಂಪಿನ ಉಳಿದವರು ಆಡುಮರಿಗಳ ಹಾಗೆ ಹತ್ತಿ ಮಾಯವಾದರು. ಅರ್ಧ ದಿಣ್ಣೆಗೇ ಪರದೆಯಮ್ಮನ ಮೊಣಕಾಲು ಕೈಕೊಟ್ಟವು. ಇಳಿದು ತಳ್ಳತೊಡಗಿದಳು. ಬೀಗಿತ್ತಿಯೂ ಇಳಿದರು.

‘ನೀವು ಹೋಗಿ ಬೀಗರೇ, ನಾನು ಬರ್ತೀನಿ.’

‘ಬಾಲಂಗೋಚಿ ಮುಂದೆ ಹೋಗೋ ಹಾಗಿಲ್ಲ’ ಅಂದರು ಬೀಗಿತ್ತಿ. ಮುಖಾಮುಖಿ ಆದ ಕೂಡಲೇ ಮತ್ತೆ ಮಾತು ಚಿಕ್ಕದಾಗಿತ್ತು. ಪರದೆಯಮ್ಮ ಸುಮ್ಮನೆ ನಾಲ್ಕು ಹೆಜ್ಜೆ ಹಿಂದೆ ಬಿದ್ದಳು, ಬೆನ್ನಷ್ಟೇ ಕಾಣಲಿ ಅಂತ. ಆದರೆ ಏದುಸಿರಿನಲ್ಲಿ ಇಬ್ಬರಿಗೂ ಮಾತು ಹೊರಡಲಿಲ್ಲ.

ದಿಣ್ಣೆಯಾಚೆ ಹೊಳೆ ಕಂಡಿತು. ಅದಕ್ಕೊಂದು ಹಳೆಯ ಕಿರಿದಾದ ಕಲ್ಲು ಸೇತುವೆ, ಒಂದು ಬಸ್ಸು ಹೋದರೆ ಪಕ್ಕದಲ್ಲಿ ಬೆಕ್ಕಿಗೂ ಜಾಗವಿಲ್ಲ. ಮತ್ತೆ ಸೈಕಲ್ ಹತ್ತಿದ ಇಬ್ಬರೂ ಸೇತುವೆಯ ಮೇಲೆ ಕಾಲು ಭಾಗ ಹೋಗಿದ್ದರೋ ಇಲ್ಲವೋ, ಹಿಂದಿನಿಂದ ಬಂತು ಹಾರ್ನು.

ಪರದೆಯಮ್ಮನಿಗೆ ಆ ಹಾರ್ನು ಗೊತ್ತು. ಸಂಜೆ ಡ್ಯೂಟಿ ಮುಗಿಸಿ ಡಿಪೋಗೆ ಹೋಗುವಾಗ ಅವರ ಬೀದಿಯ ತುದಿಯಲ್ಲಿ ಒಂದು ಸಲ ಕೂಗುತ್ತಿತ್ತು, ಅನ್ನಕ್ಕಿಡು ಅಂತ. ಮನೆಯೊಳಗೆ ಕೇಳುವಾಗ ಎಷ್ಟು ಇಂಪಾಗಿತ್ತು! ಬೆನ್ನ ಹಿಂದೆ ಕೇಳಿದಾಗ ಸೈಕಲ್ಲು ಹಾವಿನಂತೆ ಹೊರಳಿತು. ‘ನೆಟ್ಟಗೆ! ನನ್ನ ಚಕ್ರ ನೋಡಿ!’ ಅಂದರು ಬೀಗಿತ್ತಿ. ಹಾಗೆ ಅನ್ನುತ್ತಲೇ, ತಿರುಗಿಯೂ ನೋಡದೆ, ಬಲಗೈಯನ್ನು ಪಕ್ಕಕ್ಕೆ ಚಾಚಿ ಅಂಗೈ ಅಗಲಿಸಿ ಹಿಂದಕ್ಕೆ ತೋರಿಸಿದರು. ಔಷಧಿ ಕಿಂಡಿಯ ಮುಂದೆ ನೂಕಾಡುವವರನ್ನು ನಿಲ್ಲಿಸುವ ಕೈ ಅದು.

ಹಾರ್ನು ಇನ್ನೊಮ್ಮೆ ಎದ್ದಿತು. ಎದ್ದದ್ದು ಪೂರ್ತಿ ಏಳಲಿಲ್ಲ. ಯಾರೋ ಕತ್ತು ಹಿಸುಕಿದ ಹಾಗೆ ಅರ್ಧಕ್ಕೇ ನಿಂತಿತು. ಡ್ರೈವರ್‌ಗೆ ಹಸಿರು ಎಲೆಗಳ ಪರದೆ ಕಂಡಿತ್ತು.

ಸೇತುವೆ ಮುಗಿಯುವವರೆಗೂ ಬಸ್ಸು ಬೆಕ್ಕಿನ ಹೆಜ್ಜೆ ಇಡುತ್ತ ಹಿಂದೆ ಹಿಂದೆ ಬಂತು. ಆಚೆ ದಡದಲ್ಲಿ ರಸ್ತೆ ಅಗಲವಾದ ಮೇಲೆ ಇಬ್ಬರೂ ಅಂಚಿಗೆ ನಿಂತರು, ಬಸ್ಸು ಮೆಲ್ಲಗೆ ಪಕ್ಕಕ್ಕೆ ಬಂದಾಗ, ಕಿಟಕಿಗಳಲ್ಲಿ ಪ್ರಯಾಣಿಕರ ತಲೆಗಳೆಲ್ಲ ಇತ್ತ ಹೊರಳಿದ್ದವು. ಡ್ರೈವರ್ ಸೀಟಿನಲ್ಲಿ ಅವಳ ಗಂಡ, ಮುಖ ಕೆಂಪಗೆ. ಹೆಂಡತಿಯನ್ನು ನೋಡಿದ, ಅವಳ ಪಕ್ಕ ಕನ್ನಡಕ ತೆಗೆದು ನಿಂತವರನ್ನೂ ನೋಡಿದ. ಗಾಬರಿಯಲ್ಲಿ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದ.

‘ನಮಸ್ಕಾರ, ಬೀಗರೇ!’

‘ಸ್ಟಿಯರಿಂಗ್!’ ಅಂತ ಇಬ್ಬರೂ ಹೆಂಗಸರು ಒಟ್ಟಿಗೆ ಕೂಗಿದರು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ನೋಡಿದರೆ ಬೀಗಿತ್ತಿ ಸೈಕಲ್ಲಿನ ಹ್ಯಾಂಡಲ್ ಮೇಲೆ ತಲೆಯಿಟ್ಟು ಗಡಗಡ ನಡುಗುತ್ತಿದ್ದರು. ಹೆದರಿ ಅಳುತ್ತಿದ್ದಾರೋ ಏನೋ ಅಂತ ಪರದೆಯಮ್ಮ ಹತ್ತಿರ ಓಡಿದಳು. ಅಳುವಲ್ಲ, ನಗು. ಸದ್ದೇ ಇಲ್ಲದ, ಇಡೀ ಮೈ ಅಲುಗಾಡಿಸುವ ನಗು. ಕಣ್ಣಿಂದ ನೀರು ಸುರಿಯುತ್ತಿತ್ತು.

‘ನೀವು… ಮೊದಲನೇ ಸಲ… ನಮ್ಮನೆಗೆ ಬಂದ್ರಲ್ಲ’ ಅಂದರು, ಒಂದೊಂದು ಪದಕ್ಕೂ ನಿಲ್ಲುತ್ತ. ‘ಬಾಗಿಲು ತೆಗೀತೀನಿ, ಕಹಳೆ! ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಕೈ ಮುಗಿದುಕೊಂಡು! ಅದರ ಹಿಂದಿನ ಭಾನುವಾರವಷ್ಟೇ ಡಾಕ್ಟ್ರನ್ನ ಚರಂಡಿಗೆ ಇಳಿಸಿದ್ರು. ಆ ಮನುಷ್ಯ ನಮ್ಮ ಸೋಫಾದ ಮೇಲೆ ಕೂತು, ನಮ್ಮದು ಬಹಳ ಶಾಂತ ಸ್ವಭಾವ ಅಂತಾ ಇದ್ದಾರೆ! ನಾನು ಬಾಯಿ ಬಿಟ್ಟಿದ್ರೆ ನಕ್ಕುಬಿಡ್ತಿದ್ದೆ. ಅಡುಗೆಮನೆಗೆ ಹೋಗಿ ಟವಲ್ಲಿಗೆ ಮುಖ ಒತ್ತಿಕೊಂಡು ಕೂತಿದ್ದೆ. ಹೊರಗೆ ಬರೋಣ ಅಂದ್ಕೊಂಡಾಗಲೆಲ್ಲ ಅವರ ದನಿ ಕೇಳೋದು, ಮತ್ತೆ ನಗು.’

ಪರದೆಯಮ್ಮ ಅಲ್ಲೇ ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು. ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದು ಇದನ್ನೇ? ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ‘ನಾವು ಹಿಡಿಸಲಿಲ್ಲ ಅಂದ್ಕೊಂಡಿದ್ದೆ. ಡ್ರೈವರ್ ಅಂತ…’

‘ಅಯ್ಯೋ!’ ಬೀಗಿತ್ತಿಯ ನಗು ಥಟ್ಟನೆ ನಿಂತಿತು. ‘ಅಯ್ಯೋ, ಇಲ್ಲಪ್ಪಾ. ಛೇ! ಎಷ್ಟು ಸಲ ಹೇಳೋಣ ಅಂದ್ಕೊಂಡೆ. ಹೇಗೆ ಹೇಳೋದು? ನೀವು ಬರ್ತೀನಿ ಅಂತ ಫೋನ್ ಮಾಡಿದಾಗ, ಸರಿ, ನನ್ನ ಬಾಯಿಂದ ಆಗಲ್ಲ, ಬಸ್ಸೇ ಹೇಳಲಿ ಅಂದ್ಕೊಂಡೆ.’

ಪರದೆಯಮ್ಮನಿಗೆ ಆಗ ನಗು ಬಂತು. ಅವಳ ನಗು ಸದ್ದಿಲ್ಲದ್ದಲ್ಲ, ಹೊಳೆಯಾಚೆಗೂ ಕೇಳುವಂಥದ್ದು.

ಮುಂದಿನ ಕೂಡುರಸ್ತೆಯ ಚಹಾದಂಗಡಿಯಲ್ಲಿ ಉಳಿದವರು ಕಾಯುತ್ತಿದ್ದರು. ಬುಟ್ಟಿಯ ಬಾಳೆಹಣ್ಣು ಹಂಚಿದ ಮೇಲೆ ಹಲ್ಲಿನ ಡಾಕ್ಟರು ಆಶ್ಚರ್ಯದಿಂದ ಹೇಳಿದರು, ‘ಇವತ್ತು ಕಹಳೆ ನಮ್ಮನ್ನು ದಾಟುವಾಗ ಹಾರ್ನೇ ಮಾಡಲಿಲ್ಲ. ಹುಷಾರಿಲ್ಲವೋ ಏನೋ, ಪಾಪ.’

ಬೀಗಿತ್ತಿ ಚಹಾದ ಲೋಟದೊಳಗೆ ಮುಖ ಹುದುಗಿಸಿದರು. ಪರದೆಯಮ್ಮ ಗಂಟಲು ಸರಿಮಾಡಿಕೊಂಡು, ‘ಕಹಳೆ ನಮ್ಮ ಮನೆಯವರು’ ಅಂದಳು.

ಡಾಕ್ಟರ ಕೈಯ ಬಾಳೆಹಣ್ಣು ಬಾಯಿಯ ಹತ್ತಿರವೇ ನಿಂತಿತು. ಮೊದಲು ಚೇತರಿಸಿಕೊಂಡವನು ಪ್ಲಂಬರ್. ‘ಹಾಗಾದ್ರೆ ನೀವೇ ಹೇಳಿ ಅಕ್ಕಾ, ಯಾಕೆ ಹಾಗೆ ಹೊಡೀತಾರೆ?’ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವನಿಗೆ.

‘ನಿಮಗೆ ಕೇಳಿಸಲ್ಲ ಅಂದ್ಕೊಂಡಿದ್ದಾರೆ. ಯಾರೂ ತಿರುಗಿ ನೋಡಲ್ಲವಂತೆ, ಅದಕ್ಕೇ ಇನ್ನೂ ಜೋರು.’

‘ತಿರುಗಿದ್ರೆ ಬೀಳ್ತೀವಿ ಅಂತ ನೋಡಲ್ಲ!’

‘ಹೇಳ್ತೀನಿ’ ಅಂದಳು ಪರದೆಯಮ್ಮ. ‘ಮೊದಲು ಡಾಕ್ಟ್ರ ಹತ್ರ ಕ್ಷಮೆ ಕೇಳಿಸ್ತೀನಿ.’

‘ಕ್ಷಮೆ ಬೇಡ. ಅವರ ಹಲ್ಲು ಒಂದು ಸಲ ತೋರಿಸೋಕೆ ಹೇಳಿ’ ಅಂದರು ಡಾಕ್ಟರು. ಕೀಳುವ ಆಸೆ ಅವರ ಕಣ್ಣಲ್ಲಿ ಸ್ಪಷ್ಟವಾಗಿತ್ತು. ಎಲ್ಲರೂ ಗೊಳ್ಳೆಂದು ನಕ್ಕರು.

ವಾಪಸ್ ಹೊರಟಾಗ ಬಿಸಿಲೇರಿತ್ತು. ಈಗ ಗಾಳಿ ಬೆನ್ನಿಗೆ. ದಿಣ್ಣೆ ಇಳಿದು ಸ್ವಲ್ಪ ದೂರ ಬಂದಾಗ ಎಡಗಡೆ ಒಂದು ಸಣ್ಣ ರಸ್ತೆ ಒಡೆದಿತ್ತು. ಡಾಂಬರಿನ ನಡುವೆ ಹುಲ್ಲು ಬೆಳೆದಿದೆ, ಎರಡೂ ಕಡೆ ಪೊದೆ, ಮುಂದೆ ತಿರುವು. ಹೋಗುವಾಗಲೇ ಪರದೆಯಮ್ಮ ಅದನ್ನು ನೋಡಿ ಇಟ್ಟುಕೊಂಡಿದ್ದಳು.

‘ಬೀಗರೇ, ಆ ರಸ್ತೆ ಎಲ್ಲಿಗೆ ಹೋಗುತ್ತೆ?’

ಬೀಗಿತ್ತಿ ಬ್ರೇಕು ಹಾಕಿದರು. ರಸ್ತೆ ನೋಡಿದರು. ‘ಗೊತ್ತಿಲ್ಲ.’

‘ಇಷ್ಟು ವರ್ಷ ಇದೇ ದಾರೀಲಿ ಓಡಾಡ್ತೀರಿ!’

‘ಮುಂದಿನವರು ಹೋದ ಕಡೆ ಹೋಗ್ತೀನಿ. ಯಾರೂ ಆ ಕಡೆ ತಿರುಗಲಿಲ್ಲ.’ ಮುಂದೆ ನೋಡಿದರು; ಗುಂಪು ದೂರ ಹೋಗಿತ್ತು. ಮತ್ತೆ ಹುಲ್ಲಿನ ರಸ್ತೆ ನೋಡಿದರು. ‘ತಿರುವಿನವರೆಗೆ ಮಾತ್ರ’ ಅಂದರು.

ತಿರುವಿನಾಚೆ ಇನ್ನೊಂದು ತಿರುವಿತ್ತು. ಅದರಾಚೆ ಪಾಚಿ ಹಿಡಿದ ಉದ್ದನೆ ಗೋಡೆ, ಗೋಡೆಯ ಕೊನೆಗೆ ಒಂದು ಕೆರೆ, ಕೆರೆಯ ದಡದಲ್ಲಿ ನೀರೆತ್ತುವ ಪಂಪಿನ ಹಳೆಯ ಮನೆ. ಈ ಸಲ ಪರದೆಯಮ್ಮ ಮುಂದಿದ್ದಳು. ಪಂಪಿನ ಮನೆಗೆ ಒಂದೇ ಒಂದು ಕಿಟಕಿ, ಅದೂ ಗುಂಡಗೆ. ಗುಂಡು ಕಿಟಕಿಗೆ ಪರದೆ ಹೇಗೆ ಹೊಲಿಯಬಹುದು ಅಂತ ಯೋಚಿಸುತ್ತ ಅವಳು ಸೈಕಲ್ ನಿಲ್ಲಿಸಿದಳು. ಆ ಕಿಟಕಿಯಿಂದಲೇ ಕಾವಲುಗಾರನೊಬ್ಬನ ತಲೆ ಹೊರಬಂತು.

‘ನಿಲ್ಲಬೇಡೀ!’ ಅಂತ ಕೂಗಿದ ಅವನು. ‘ನಿಂತ್ರೆ ಕಚ್ಚುತ್ತವೆ!’

‘ಏನು ಕಚ್ಚೋದು?’ ಅಂದಳು ಪರದೆಯಮ್ಮ, ತಿಳಿದುಕೊಳ್ಳದೆ ಓಡುವ ಜಾಯಮಾನ ಅವಳದಲ್ಲ.

ಉತ್ತರ ಪೊದೆಯಿಂದ ಬಂತು. ಬಿಳಿ ಹೆಬ್ಬಾತುಗಳು. ಕತ್ತು ನೆಲಕ್ಕೆ ಸಮವಾಗಿ ಚಾಚಿ, ರೆಕ್ಕೆ ಬಿಚ್ಚಿ, ಬುಸುಗುಡುತ್ತ ಸಾಲಾಗಿ ಬಂದವು. ಇಬ್ಬರೂ ಸೈಕಲ್ ತಿರುಗಿಸಿದ್ದು ಹೇಗೆ, ಹತ್ತಿದ್ದು ಯಾವಾಗ, ಅವರಿಗೇ ಗೊತ್ತಾಗಲಿಲ್ಲ. ಮುಂಚೂಣಿಯ ಹೆಬ್ಬಾತು ಪರದೆ ಬಟ್ಟೆಯ ಎಲೆಗಳನ್ನು ನಿಜವೆಂದು ನಂಬಿತೋ ಏನೋ, ಪ್ಯಾಂಟಿನ ಅಂಚು ಹಿಡಿದು ಒಂದು ಮಾರು ದೂರ ಓಡಿಬಂತು. ಎದ್ದೆವೋ ಬಿದ್ದೆವೋ ಅಂತ ತುಳಿದರು. ಆ ಭಾರದ ಸೈಕಲ್ಲು ಜನ್ಮದಲ್ಲಿ ಆ ವೇಗ ಕಂಡಿರಲಿಲ್ಲ. ‘ಬಾತುಕೋಳೀ!’ ಅಂತ ಪರದೆಯಮ್ಮ ಗುಂಡಿಯ ರಾಗದಲ್ಲೇ ಕೂಗಿದಳು. ‘ಹೆಬ್ಬಾತೂ!’ ಅಂತ ತಿದ್ದಿ ದಾಟಿಸಿದರು ಈಗ ಮುಂದಾಗಿದ್ದ ಬೀಗಿತ್ತಿ.

ದೊಡ್ಡ ರಸ್ತೆಗೆ ಬಂದರೆ ಇಡೀ ಗುಂಪು ವಾಪಸ್ ಬಂದು ಅಲ್ಲಿ ನಿಂತಿತ್ತು. ಪ್ಲಂಬರ್ ಸೊಂಟದ ಮೇಲೆ ಕೈಯಿಟ್ಟಿದ್ದ.

‘ಏನಿದು? ಬಾಲಂಗೋಚಿಯೇ ಕಿತ್ತುಕೊಂಡು ಹೋದ್ರೆ ಗಾಳಿಪಟದ ಗತಿ ಏನು?’

ಬೀಗಿತ್ತಿ ತಪ್ಪಿತಸ್ಥರ ಹಾಗೆ ನಿಂತರು. ಅವರು ಹಾಗೆ ನಿಂತದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಅವನ ಕೋಪ ಅಲ್ಲೇ ಕರಗಿತು. ಅವರ ಬೆನ್ನ ಹಿಂದಿನ ರಸ್ತೆಯನ್ನೇ ನೋಡುತ್ತ ಕೇಳಿದ, ‘ಅಂದಹಾಗೆ, ಅಲ್ಲಿ ಏನಿದೆ?’

‘ಹೋಗಿ ನೋಡಿ’ ಅಂದರು ಬೀಗಿತ್ತಿ. ‘ನಿಲ್ಲಬೇಡಿ, ಅಷ್ಟೇ.’

ಊರು ತಲುಪಿದಾಗ ಪರದೆಯಮ್ಮನ ಕಾಲು ಅವಳ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಮ್ಮನೆ ಹತ್ರ, ನೀರು ಕುಡಿದು ಹೋಗಿ ಅಂದರು ಬೀಗಿತ್ತಿ. ಗೇಟಿನಿಂದಲೇ ಬರಬೇಕಾದ ಸಿಳ್ಳೆಗಾಗಿ ಇವಳು ಕಿವಿ ನಿಮಿರಿಸಿದ್ದಳು. ಅವತ್ತು ಬರಲಿಲ್ಲ, ಉಸಿರಿದ್ದರಲ್ಲವೇ ಸಿಳ್ಳೆ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ, ಕಾಲು ಉದ್ದ ಚಾಚಿ ಕೂತರು. ಚೊಂಬು ಮಧ್ಯದಲ್ಲಿ.

ಸದ್ದು ಕೇಳಿ ಮಹಡಿಯಿಂದ ಮಗಳು ಇಳಿದು ಬಂದಳು. ಅಮ್ಮ, ಅತ್ತೆ, ಧೂಳು, ಹರಿದ ಎಲೆ ಚಿತ್ತಾರದ ಪ್ಯಾಂಟು, ಎಲ್ಲವನ್ನೂ ಬಾಗಿಲಲ್ಲೇ ನಿಂತು ನೋಡಿದಳು.

‘ಏನಾಯ್ತು?’

ಪರದೆಯಮ್ಮ ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಿಂದ ಶುರುವಾಗಿತ್ತು.

‘ಬಾ, ಕೂತ್ಕೋ’ ಅಂದರು ಬೀಗಿತ್ತಿ ಸೊಸೆಗೆ, ಪಕ್ಕದ ನೆಲ ತಟ್ಟುತ್ತ. ‘ಒಂದು ರಸ್ತೆ. ನಡುವೆ ಎಲ್ಲ ಹುಲ್ಲು. ಎಲ್ಲಿಗೆ ಹೋಗುತ್ತೆ ಅಂದ್ರು ನಿಮ್ಮಮ್ಮ. ನನಗೇನು ಗೊತ್ತು? ಹೋದ್ವಿ. ಹೋದ್ರೆ ಒಂದು ಕೆರೆ, ಹತ್ರದಲ್ಲಿ ನರಮನುಷ್ಯರಿಲ್ಲ. ಇದ್ದಕ್ಕಿದ್ದ ಹಾಗೆ ಪೊದೆಯಿಂದ ಹೆಬ್ಬಾತುಗಳು! ಐವತ್ತೋ ಅರವತ್ತೋ, ನಾನು ಎಣಿಸೋಕೆ ಹೋಗಲಿಲ್ಲ. ಒಂದೊಂದು ಇಷ್ಟೆತ್ತರ!’ ಅಂತ ಕೂತಲ್ಲಿಂದಲೇ ಕೈಯೆತ್ತಿ ಗ್ಯಾಸ್ ಒಲೆಯ ಕಟ್ಟೆಯ ಮಟ್ಟ ತೋರಿಸಿದರು.

ಹೆಬ್ಬಾತು ಇದ್ದದ್ದು ನಾಲ್ಕೋ ಐದೋ. ಕಾವಲುಗಾರನೂ ಇದ್ದ. ಪರದೆಯಮ್ಮ ತಿದ್ದಲು ಹೋಗಲಿಲ್ಲ. ಮಗಳು ಬಾಯಿಬಿಟ್ಟುಕೊಂಡು ಅತ್ತೆಯ ಪಕ್ಕ ಕುಕ್ಕರಿಸಿ, ‘ಆಮೇಲೆ?’ ಅಂದಳು. ಪರದೆಯಮ್ಮನೂ ಚೊಂಬಿನಿಂದ ಒಂದು ಗುಟುಕು ನೀರು ಕುಡಿದು, ಆಮೇಲೆ ಏನಾಯಿತೆಂದು ಕೇಳಲು ಅವರ ಕಡೆ ಹೊರಳಿ ಕೂತಳು.